ರಿಸಲ್ಟ್ ಕೈಗೆ ಬರುವ ಮುಂಚೆ: ಕ್ರೈಸ್ತ ಶಾಲೆಯಲ್ಲಿ ವರ್ಷವನ್ನು ಹಿಂತಿರುಗಿ ನೋಡಿ ಮುಗಿಸುವುದು ಹೇಗೆ

ಡಿಸೆಂಬರ್ 31ರ ರಾತ್ರಿ ನಾವೆಲ್ಲ ಚರ್ಚಿಗೆ ಹೋಗುತ್ತೇವೆ. ಕಳೆದ ವರ್ಷಕ್ಕೆ ದೇವರಿಗೆ ವಂದನೆ ಹೇಳುತ್ತೇವೆ, ತಪ್ಪಿದ್ದಕ್ಕೆ ಕ್ಷಮೆ ಕೇಳುತ್ತೇವೆ, ಬರುವ ವರ್ಷವನ್ನು ಅವನ ಕೈಗೆ ಒಪ್ಪಿಸುತ್ತೇವೆ. ದೊಡ್ಡವರಿಗೆ ಅದು ಸರಿ. ಆದರೆ ಶಾಲೆಗೆ ಹೋಗುವ ಮಗುವಿನ ವರ್ಷ ಡಿಸೆಂಬರ್‌ನಲ್ಲಿ ಮುಗಿಯುವುದಿಲ್ಲ, ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಬೆಂಚು ಬದಲಾಗುತ್ತದೆ, ಟೀಚರ್ ಬದಲಾಗುತ್ತಾರೆ, ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಬೇರೆ ಡಿವಿಜನ್‌ಗೆ ಹೋಗುತ್ತಾನೆ. ಆ ವರ್ಷದ ಕೊನೆಗೆ ನಾವು ಮಾಡುವುದೇನು? ಪೋರ್ಷನ್ ಮುಗಿಸುತ್ತೇವೆ, ಪರೀಕ್ಷೆ ತೆಗೆದುಕೊಳ್ಳುತ್ತೇವೆ, ರಿಸಲ್ಟ್ ಕೊಟ್ಟು ಗೇಟು ಹಾಕುತ್ತೇವೆ.

ಮುಂಬೈ ಉಪನಗರದ ಒಂದು ಕಾನ್ವೆಂಟ್ ಶಾಲೆಯಲ್ಲಿ ಪಾಠ ಮಾಡುವವಳು ನಾನು. ಇದನ್ನು ಬರೆಯುತ್ತಿರುವುದು ನನ್ನಂಥ ಟೀಚರುಗಳಿಗೆ, ಸಂಡೇ ಸ್ಕೂಲ್ ನಡೆಸುವವರಿಗೆ, ಮತ್ತು ಮುಂಬೈ, ಪುಣೆ, ಗೋವಾದಲ್ಲಿ ಇಂಥ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ನಮ್ಮ ಕನ್ನಡದ ಮನೆಗಳಿಗೆ. ಮುಖ್ಯವಾಗಿ ಹೇಳಬೇಕಾದ್ದು ಒಂದೇ. ಹಿಂತಿರುಗಿ ನೋಡುವ ಕೆಲಸ ರಿಸಲ್ಟ್‌ಗಿಂತ ಮುಂಚೆ ಆಗಬೇಕು. ಮಾರ್ಕ್ಸ್ ಒಮ್ಮೆ ಕೈಗೆ ಬಂತೆಂದರೆ ಮುಗೀತು, ಆಮೇಲೆ ಮಗು ಇಡೀ ವರ್ಷವನ್ನು ಆ ಒಂದು ಕಾಗದದಲ್ಲೇ ನೋಡುತ್ತದೆ. 82 ಬಂದವನಿಗೆ ಒಳ್ಳೆ ವರ್ಷ, 41 ಬಂದವಳಿಗೆ ಕೆಟ್ಟ ವರ್ಷ. ಆದರೆ ಆ 41ರ ಹುಡುಗಿ ಕಾಯಿಲೆ ಬಿದ್ದ ಅಮ್ಮನನ್ನು ನೋಡಿಕೊಂಡು, ಬೆಳಿಗ್ಗೆ ನಳದ ನೀರು ಹಿಡಿದು, ತಮ್ಮನಿಗೆ ಯೂನಿಫಾರ್ಮ್ ಹಾಕಿ, ಆಮೇಲೆ ತಾನೂ ಶಾಲೆಗೆ ಬರುತ್ತಿದ್ದವಳು ಆಗಿರಬಹುದು. ದೇವರ ಮುಂದೆ ಆ ವರ್ಷದ ಲೆಕ್ಕವೇ ಬೇರೆ, ಅಲ್ವಾ? ಅದನ್ನು ಅವಳೇ ನೋಡಿಕೊಳ್ಳುವಂತೆ ಒಂದು ಗಂಟೆ ಬಿಡುವು ಮಾಡಿಕೊಡುವುದು ಶಾಲೆಯ ಕೆಲಸ.

ಮೊದಲು ದಿನ ಗೊತ್ತು ಮಾಡಿ

ದಿನ ಸರಿಯಾಗಿ ಇಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ. ಪರೀಕ್ಷೆ ಮುಗಿದ ಮೇಲೆ ನಿಧಾನವಾಗಿ ಮಾಡೋಣ ಎಂದುಕೊಂಡರೆ ಮಕ್ಕಳೇ ಸಿಗುವುದಿಲ್ಲ. ಮಹಾರಾಷ್ಟ್ರ ಬೋರ್ಡಿನ ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆ ಏಪ್ರಿಲ್‌ನಲ್ಲಿ ನಡೆದು, ರಿಸಲ್ಟ್ ಸಾಮಾನ್ಯವಾಗಿ ತಿಂಗಳ ಕೊನೆಗೋ ಮೇ 1ರ ಮಹಾರಾಷ್ಟ್ರ ದಿನದ ಹೊತ್ತಿಗೋ ಬರುತ್ತದೆ. ನಮ್ಮ ಜನ ಅಲ್ಲಿವರೆಗೆ ಕಾಯುತ್ತಾರಾ? ಕೊನೆ ಪೇಪರ್ ಬರೆದ ಮಗು ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮಂಗಳೂರು ಕಡೆಗೋ, ಮರುದಿನ ಬೆಳಿಗ್ಗೆ ಉದ್ಯಾನ್ ಹತ್ತಿ ಕಲಬುರಗಿ ಕಡೆಗೋ ಹೊರಟಿರುತ್ತದೆ. ರಿಸಲ್ಟ್ ತರಲು ಚಿಕ್ಕಪ್ಪನೋ ಪಕ್ಕದ ಮನೆಯವರೋ ಬರುತ್ತಾರೆ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮುಂಚೆ, 2024ರ ಅಕ್ಟೋಬರ್ ಕೊನೆಯವರೆಗೆ ಅದು 120 ದಿನ ಇತ್ತು. ಅಂದರೆ ಫೆಬ್ರವರಿಯಲ್ಲೇ ಹೊರಡುವ ದಿನ ತೀರ್ಮಾನ ಆಗಿರುತ್ತದೆ. ಆದ್ದರಿಂದ ನಿಮ್ಮ ಸರ್ಕ್ಯುಲರ್ ಜನವರಿ ಕೊನೆಗೆ ಮನೆ ಸೇರಲಿ, ದಿನ ಪರೀಕ್ಷೆ ಶುರುವಾಗುವ ಹಿಂದಿನ ವಾರಕ್ಕೆ ಬರಲಿ. ಪರೀಕ್ಷೆ ಹತ್ತಿರ ಇರುವಾಗ ಒಂದು ಬೆಳಗ್ಗೆ ಹೋಗುತ್ತದಲ್ಲ ಎಂದು ಕೆಲವರು ಗೊಣಗುತ್ತಾರೆ. ಆ ಒಂದು ಬೆಳಗ್ಗೆಯಿಂದ ಯಾರ ಮಾರ್ಕ್ಸೂ ಕಡಿಮೆ ಆಗುವುದಿಲ್ಲ, ಧೈರ್ಯವಾಗಿ ಹೇಳಿ.

ಹತ್ತನೆಯ ತರಗತಿಯವರ ಲೆಕ್ಕ ಬೇರೆ. ಅವರಿಗೆ ಜನವರಿಯಲ್ಲಿ ಪ್ರಿಲಿಮ್ಸ್ ಎಂಬ ಪೂರ್ವಸಿದ್ಧತಾ ಪರೀಕ್ಷೆ, ಫೆಬ್ರವರಿ–ಮಾರ್ಚ್‌ನಲ್ಲಿ ಬೋರ್ಡ್. ಏಪ್ರಿಲ್‌ನಲ್ಲಿ ಅವರು ಶಾಲೆಯಲ್ಲೇ ಇರುವುದಿಲ್ಲ. ಹತ್ತು ಹನ್ನೆರಡು ವರ್ಷ ಅದೇ ಗೇಟಿನಿಂದ ಒಳಗೆ ಬಂದ ಮಕ್ಕಳನ್ನು ಸೀರೆ, ಬ್ಲೇಝರ್, ಡಿಜೆ ಇರುವ ಫೇರ್‌ವೆಲ್ ಒಂದರಿಂದಲೇ ಕಳಿಸಿಬಿಡಬೇಡಿ. ಫೇರ್‌ವೆಲ್ ಇರಲಿ, ಅದರ ಹಿಂದಿನ ದಿನ ಬೆಳಿಗ್ಗೆ ಅವರಿಗಾಗಿಯೇ ಒಂದೂವರೆ ಗಂಟೆ ತೆಗೆದಿಡಿ. ಸಿಬಿಎಸ್‌ಇ ಶಾಲೆಗಳಲ್ಲಿ ಮಾರ್ಚ್‌ಗೇ ಎಲ್ಲ ಮುಗಿಯುತ್ತದೆ, ಗೋವಾದಲ್ಲಿ 2025ರಲ್ಲಿ ಮೇಲಿನ ತರಗತಿಗಳಿಗೆ ಹೊಸ ವರ್ಷ ಏಪ್ರಿಲ್‌ನಲ್ಲೇ ಶುರುವಾಯಿತು. ಅಲ್ಲಿಯವರು ಫೆಬ್ರವರಿ ಕೊನೆಯನ್ನು ನೋಡಿಕೊಳ್ಳಬೇಕು.

ಇನ್ನೊಂದು ಅನುಕೂಲವೂ ನಮಗಿದೆ. ಶಾಲೆ ವರ್ಷ ಮುಗಿಯುವ ಹೊತ್ತಿಗೇ ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲವೂ ಈಸ್ಟರೂ ಬರುತ್ತವೆ. 2026ರಲ್ಲಿ ಲೆಂಟ್ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18, ಈಸ್ಟರ್ ಏಪ್ರಿಲ್ 5. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10, ಈಸ್ಟರ್ ಮಾರ್ಚ್ 28. ನಮ್ಮ ಮನೆಗಳಲ್ಲಿ ಆಗ ಹೇಗೂ ಮನಸ್ಸನ್ನು ತಡವಿ ನೋಡಿಕೊಳ್ಳುವ ಅಭ್ಯಾಸ ಇದ್ದೇ ಇದೆ. ಹೊಸದಾಗಿ ಏನೂ ಹುಟ್ಟಿಸಬೇಕಿಲ್ಲ, ಅದನ್ನೇ ಶಾಲೆಯ ವರ್ಷಕ್ಕೆ ಜೋಡಿಸಿದರೆ ಸಾಕು. ಈಸ್ಟರಿನ ಹಿಂದಿನ ಪವಿತ್ರ ವಾರದ ಒಳಗೆ ಮಾತ್ರ ಇಟ್ಟುಕೊಳ್ಳಬೇಡಿ, ಆಗ ಮಕ್ಕಳೂ ಸಿಸ್ಟರುಗಳೂ ಚರ್ಚಿನ ಕೆಲಸದಲ್ಲಿ ಮುಳುಗಿರುತ್ತಾರೆ.

ತರಗತಿಯಲ್ಲಿ ಯಾರಿದ್ದಾರೆ ನೋಡಿಕೊಳ್ಳಿ

ಮುಂಬೈ, ಪುಣೆಯ ಹೆಚ್ಚಿನ ಕ್ರೈಸ್ತ ಶಾಲೆಗಳಲ್ಲಿ ಬೇರೆ ಧರ್ಮದ ಮಕ್ಕಳೇ ಜಾಸ್ತಿ. ಕ್ಯಾಟಿಕಿಸಂ, ಅಂದರೆ ಕ್ರೈಸ್ತ ಧರ್ಮಬೋಧನೆಯ ಪಿರಿಯಡ್ ಬಂದಾಗ ನಮ್ಮ ಮಕ್ಕಳು ಒಂದು ಕೋಣೆಗೆ, ಉಳಿದವರು ಮಾರಲ್ ಸೈನ್ಸ್‌ಗೆ ಹೋಗುತ್ತಾರೆ. ವರ್ಷದ ಕೊನೆಯ ಈ ದಿನ ಹಾಗೆ ಒಡೆಯಬಾರದು ಎನ್ನುವುದು ನನ್ನ ಅಭಿಪ್ರಾಯ. ವರ್ಷ ಎಲ್ಲರದ್ದೂ. ಒಟ್ಟಿಗೆ ಕಳೆದದ್ದನ್ನು ಒಟ್ಟಿಗೇ ಕೂತು ನೆನೆಯಬೇಕು.

ಹಾಗಂತ ಪ್ರಾರ್ಥನೆಯನ್ನು ಯಾರ ಮೇಲೂ ಹೇರುವ ಹಾಗಿಲ್ಲ. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಮಗು ಧಾರ್ಮಿಕ ಬೋಧನೆಗೋ ಆರಾಧನೆಗೋ ಹಾಜರಾಗಬೇಕಾದರೆ ಪಾಲಕರ ಒಪ್ಪಿಗೆ ಬೇಕು. ಭಾರತದ ಕಥೋಲಿಕ ಬಿಷಪರ ಮಂಡಳಿ ಕೂಡ 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಸೂಚನೆಯಲ್ಲಿ ಇದನ್ನೇ ಹೇಳಿತು, ನಮ್ಮ ಆಚರಣೆಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬೇಡಿ ಎಂದು. ಹಾಗಾದರೆ ಮಾಡುವುದು ಹೇಗೆ? ಎರಡು ಭಾಗ ಮಾಡಿ. ನೆನೆಯುವುದು, ಬರೆಯುವುದು, ಥ್ಯಾಂಕ್ಸ್ ಹೇಳುವುದು, ಸಾರಿ ಕೇಳುವುದು — ಇದು ತರಗತಿಯಲ್ಲಿ, ಎಲ್ಲರಿಗೂ. ಬೈಬಲಿನ ವಾಕ್ಯ ಓದಿ ಪ್ರಾರ್ಥಿಸುವ ಆರಾಧನೆ ಚಾಪೆಲ್‌ನಲ್ಲೋ ಹಾಲ್‌ನಲ್ಲೋ, ಬೇಕಾದವರಿಗೆ. ಬರದ ಮಕ್ಕಳನ್ನು ಕಾರಿಡಾರಿನಲ್ಲಿ ಸುಮ್ನೆ ಕೂರಿಸಬೇಡಿ. ಅವರು ಅದೇ ಹೊತ್ತಿನಲ್ಲಿ ಮನೆಗೆ ಕೊಡುವ ಕಾಗದ ಬರೆಯಲಿ. ಆ ಕಾಗದದ ವಿಷಯ ಮುಂದೆ ಹೇಳುತ್ತೇನೆ.

ದೊಡ್ಡವರು ಮೊದಲು

ಮಕ್ಕಳ ಮುಂದೆ ನಿಲ್ಲುವ ಮುಂಚೆ ಟೀಚರುಗಳು ಒಂದು ಸಂಜೆ ತಾವೇ ಕೂರಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ನಾಟಕ ಆಗುತ್ತದೆ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಕ್ರಮ ಯಾವುದು ಎಂದರೆ, ನಮ್ಮ ಕರಾವಳಿಗೆ ಹೊಸದಲ್ಲದ ಒಂದು ಕ್ರಮ ಇದೆ. ಯೇಸುಸಭೆಯನ್ನು (ಜೆಸ್ವಿಟ್ ಪಾದ್ರಿಗಳ ಸಂಘ) ಕಟ್ಟಿದ ಲೊಯೊಲಾದ ಸಂತ ಇಗ್ನೇಷಿಯಸ್ (1491–1556) ದಿನದ ಕೊನೆಗೆ ಮಾಡಲು ಕಲಿಸಿದ ಆತ್ಮಶೋಧನೆ, ಎಕ್ಸಾಮೆನ್ ಎನ್ನುತ್ತಾರೆ. ಇಗ್ನೇಷಿಯಸ್ ಅವರ ಮೊದಲ ಸಂಗಡಿಗರಲ್ಲಿ ಒಬ್ಬರಾದ ಸಂತ ಫ್ರಾನ್ಸಿಸ್ ಝೇವಿಯರ್ 1542ರ ಮೇ 6ರಂದು ಗೋವಾದಲ್ಲಿ ಬಂದಿಳಿದರು. ಇಂದಿಗೂ ಮುಂಬೈ, ಪುಣೆ, ಗೋವಾದಲ್ಲಿ ಯೇಸುಸಭೆಯವರ ಶಾಲೆಗಳಿವೆ, ಅಲ್ಲಿ ಓದಿದವರು ನಿಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರು, ಕೇಳಿ ನೋಡಿ. ಎಕ್ಸಾಮೆನ್‌ನಲ್ಲಿ ಐದು ಹೆಜ್ಜೆ. ಸಿಕ್ಕಿದ್ದಕ್ಕೆ ವಂದನೆ ಹೇಳುವುದು, ಸರಿಯಾಗಿ ನೋಡಲು ಬೆಳಕು ಕೊಡು ಎಂದು ಬೇಡುವುದು, ನಡೆದದ್ದನ್ನು ಒಂದೊಂದಾಗಿ ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ಮುಂದಿನದಕ್ಕೆ ಮನಸ್ಸು ಮಾಡುವುದು. ದಿನದ ಬದಲು ಇಡೀ ವರ್ಷವನ್ನು ಇದರ ಮುಂದಿಡಿ, ಅಷ್ಟೆ. ಪ್ರಾಟೆಸ್ಟಂಟ್ ಶಾಲೆಯವರು ಇದು ಕಥೋಲಿಕರದ್ದು ಎಂದು ಹಿಂಜರಿಯಬೇಕಿಲ್ಲ. 139ನೇ ಕೀರ್ತನೆಯ ಕೊನೆಗೆ ದಾವೀದ ಕೇಳುವುದೂ ಇದನ್ನೇ, ದೇವರೇ ನನ್ನನ್ನು ಪರೀಕ್ಷಿಸಿ ನನ್ನ ಮನಸ್ಸನ್ನು ನೀನೇ ನೋಡು ಎಂದು.

ಆ ಸಂಜೆ ಹಾಜರಿ ಪುಸ್ತಕ ಜೊತೆಗಿರಲಿ. ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿ. ಈ ಮಗುವಿನ ಬಗ್ಗೆ ಮಾರ್ಕ್ಸ್ ಬಿಟ್ಟು ನನಗೆ ಏನು ಗೊತ್ತು ಎಂದು ಕೇಳಿಕೊಳ್ಳಿ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಕೆಲವು ಹೆಸರಿನ ಮುಂದೆ ಬೆರಳು ನಿಂತುಬಿಡುತ್ತದೆ. ಗಲಾಟೆ ಮಾಡುವವರ ಹೆಸರಿನ ಮುಂದೆ ನಿಲ್ಲುವುದಿಲ್ಲ, ಫಸ್ಟ್ ಬರುವವರ ಹೆಸರಿನ ಮುಂದೆಯೂ ಇಲ್ಲ. ನಡುವಿನ ಬೆಂಚಿನಲ್ಲಿ ಸುಮ್ಮನೆ ಕೂತು ಹೋಗುವ ಮಕ್ಕಳ ಹೆಸರಿನ ಮುಂದೆ. ಆ ಹೆಸರುಗಳಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡಿ. ಉಳಿದಿರುವ ಎರಡು ವಾರದಲ್ಲಿ ಆ ಮಕ್ಕಳ ಜೊತೆ ಐದೈದು ನಿಮಿಷ ಮಾತಾಡಿ. ಈ ಲೇಖನದಲ್ಲಿ ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ನೆನಪಿಗೆ ಮೊಳೆ ಹೊಡೆದು ಕೊಡಿ

ಈಗ ಮಕ್ಕಳ ವಿಷಯ. ನೇರವಾಗಿ ಹೋಗಿ, ಈ ವರ್ಷ ನೀನು ಏನು ಕಲಿತೆ ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಬರೆಯುತ್ತಾರೆ: ಶಿಸ್ತು ಕಲಿತೆ, ದೊಡ್ಡವರಿಗೆ ಗೌರವ ಕೊಡುವುದು ಕಲಿತೆ. ಅದು ಮಕ್ಕಳ ತಪ್ಪಲ್ಲ. ಟೀಚರಿಗೆ ಏನು ಬೇಕೋ ಅದನ್ನು ಬರೆಯಲು ನಾವೇ ಅವರಿಗೆ ಕಲಿಸಿದ್ದೇವೆ. ಮತ್ತೆ, ಹತ್ತು ವರ್ಷದ ಮಗುವಿಗೆ ಕಳೆದ ಜೂನ್ ಎನ್ನುವುದು ಬಹಳ ದೂರ.

ಹಾಗಾಗಿ ಮೊದಲ ಹದಿನೈದು ನಿಮಿಷ ಯಾರೂ ಏನೂ ಬರೆಯುವುದು ಬೇಡ. ಬೋರ್ಡಿನ ಮೇಲೆ ತಿಂಗಳುಗಳ ಹೆಸರು ಉದ್ದಕ್ಕೆ ಬರೆಯಿರಿ, ಜೂನ್‌ನಿಂದ ಶುರು. ಒಂದೊಂದು ತಿಂಗಳ ಮುಂದೆ ಏನಾಯಿತು ಎಂದು ಮಕ್ಕಳೇ ಹೇಳಲಿ, ನೀವು ಬರೆಯುತ್ತಾ ಹೋಗಿ. ಜೂನ್‌ನಲ್ಲಿ ಹೊಸ ರೇನ್‌ಕೋಟ್, ಹೊಸ ತರಗತಿ. ಜುಲೈಯಲ್ಲಿ ನೀರು ತುಂಬಿ ಲೋಕಲ್ ನಿಂತದ್ದು, ಶಾಲೆಗೆ ರಜೆ ಕೊಟ್ಟದ್ದು. ಆಗಸ್ಟ್ 15ರ ಪರೇಡ್. ಗಣಪತಿ ರಜೆ. ಸೆಪ್ಟೆಂಬರ್ 8ಕ್ಕೆ ನಮ್ಮ ಮಂಗಳೂರಿನವರ ಮೋಂತಿ ಹಬ್ಬ, ಹೊಸ ತೆನೆ; ಅದರ ಬೆನ್ನಿಗೇ ಬಾಂದ್ರಾದ ಮೌಂಟ್ ಮೇರಿ ಜಾತ್ರೆ. ಫಸ್ಟ್ ಟರ್ಮ್ ಪರೀಕ್ಷೆ, ದೀಪಾವಳಿ ರಜೆ, ಡಿಸೆಂಬರ್‌ನ ಕ್ರಿಸ್ಮಸ್ ನಾಟಕ, ಸ್ಪೋರ್ಟ್ಸ್ ಡೇ. ಇಷ್ಟು ಆಗುವಷ್ಟರಲ್ಲಿ ತರಗತಿ ಗದ್ದಲ ಎದ್ದಿರುತ್ತದೆ, ಟೀಚರ್ ಅದು ನೆನಪಿದೆಯಾ, ಟೀಚರ್ ಅವತ್ತು ಅವನು ಬಿದ್ದದ್ದು, ಎಂದು. ಏಳಲಿ ಬಿಡಿ. ಬೋರ್ಡು ತುಂಬಿದ ಮೇಲೆ ಗದ್ದಲ ತಾನೇ ಇಳಿಯುತ್ತದೆ, ಆಗ ಕಾಗದ ಹಂಚಿ.

ಕೇಳುವ ಪ್ರಶ್ನೆಗಳು ಚಿಕ್ಕದಾಗಿರಲಿ, ಒಂದು ದಿನಕ್ಕೋ ಒಬ್ಬ ಮನುಷ್ಯನಿಗೋ ಕೈ ತೋರಿಸುವಂತಿರಲಿ. ನಾನು ಕೇಳುವುದು ಇಂಥವು:

— ಈ ವರ್ಷ ನಿನ್ನ ಜೊತೆ ಡಬ್ಬಿ ಹಂಚಿಕೊಂಡವರು ಯಾರು? ನೀನು ಯಾರ ಜೊತೆ ಹಂಚಿಕೊಂಡೆ?
— ಯಾವ ದಿನ ಶಾಲೆಗೆ ಬರಲು ಮನಸ್ಸೇ ಇರಲಿಲ್ಲ? ಆದರೂ ಹೇಗೆ ಬಂದೆ?
— ಜೂನ್‌ನಲ್ಲಿ ಬರುತ್ತಿರಲಿಲ್ಲ, ಈಗ ಬರುತ್ತದೆ, ಅಂಥದ್ದು ಏನು? ಪಾಠದ್ದೇ ಆಗಬೇಕಿಲ್ಲ.
— ನಿನಗೆ ಸಹಾಯ ಮಾಡಿಯೂ ನಿನ್ನಿಂದ ಥ್ಯಾಂಕ್ಸ್ ಸಿಗದವರು ಯಾರು?
— ಯಾರ ಜೊತೆ ಮಾತು ಬಿಟ್ಟಿದ್ದೀಯ?
— ದೇವರಿಗೆ ಒಂದು ಪ್ರಶ್ನೆ ಕೇಳಬಹುದು ಎಂದರೆ ಈ ವರ್ಷದ ಬಗ್ಗೆ ಏನು ಕೇಳುತ್ತೀಯ?

ಎಲ್ಲವನ್ನೂ ಎಲ್ಲರೂ ಬರೆಯಬೇಕಿಲ್ಲ. ಮೂರು ಆರಿಸಿಕೊಳ್ಳಲಿ. ಕೆಜಿಯಿಂದ ಎರಡನೆಯ ತರಗತಿಯವರು ಚಿತ್ರ ಬಿಡಿಸಲಿ, ನೀವು ಬಗ್ಗಿ ಕೂತು ಇದು ಯಾರು ಎಂದು ಕೇಳಿ ಅಡಿಯಲ್ಲಿ ಹೆಸರು ಬರೆಯಿರಿ. ಏಳು, ಎಂಟು, ಒಂಬತ್ತರ ಮಕ್ಕಳಿಗೆ ಅರ್ಧ ಗಂಟೆ ಪೂರ್ತಿ ಬೇಕು. ಮೊದಲ ಹತ್ತು ನಿಮಿಷ ಅವರು ಪೆನ್ನು ತಿರುಗಿಸುತ್ತಾ ಕಿಟಕಿ ನೋಡುತ್ತಾರೆ. ಬೈಯಬೇಡಿ. ಅಕ್ಷರ ತಪ್ಪು ತಿದ್ದುವುದಂತೂ ಬೇಡವೇ ಬೇಡ, ಆ ದಿನ ಕೆಂಪು ಪೆನ್ನು ಸ್ಟಾಫ್ ರೂಮಿನಲ್ಲೇ ಇರಲಿ.

ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಎಮ್ಮಾಹುವಿಗೆ ಹೋಗುವ ಇಬ್ಬರು ಶಿಷ್ಯರ ಕಥೆ ಇದೆಯಲ್ಲ, ಪುನರುತ್ಥಾನದ ದಿನವೇ ನಡೆದದ್ದು. ಇಬ್ಬರೂ ಮುಖ ಬಾಡಿಸಿಕೊಂಡು, ನಡೆದದ್ದನ್ನೇ ಮಾತಾಡುತ್ತಾ ಹೋಗುತ್ತಿರುತ್ತಾರೆ. ಯೇಸು ಜೊತೆಗೆ ನಡೆಯುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ಎಲ್ಲ ಗೊತ್ತಿದ್ದವನು ಅವನೊಬ್ಬನೇ, ಆದರೂ ಏನು ಮಾತಾಡುತ್ತಿದ್ದೀರಿ ಎಂದು ಕೇಳುತ್ತಾನೆ, ಅವರು ತಮ್ಮ ಬಾಯಿಂದಲೇ ಪೂರ್ತಿ ಹೇಳುವ ತನಕ ಕಾಯುತ್ತಾನೆ. ವಿವರಿಸುವುದು ಆಮೇಲೆ. ಟೀಚರ್ ಆದವರು ಆ ದಿನ ಮಾಡಬೇಕಾದ್ದು ಇದೇ. ಮಗು ಹೇಳುವಾಗ ನಡುವೆ ನೀತಿ ತುರುಕಬೇಡಿ.

ಥ್ಯಾಂಕ್ಸ್ ಆಯಾ ಜನರಿಗೆ ತಲುಪಬೇಕು

ಯೇಸುವಿನಿಂದ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು, ವಂದನೆ ಹೇಳಲು ತಿರುಗಿ ಬಂದವನು ಒಬ್ಬ, ಅವನೂ ಹೊರಗಿನವನು, ಸಮಾರ್ಯದವನು. ಲೂಕ 17ರ ಈ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಆ ಒಬ್ಬ ವಿಶೇಷವಾಗಿ ಮಾಡಿದ್ದು ಏನು? ನಡೆದ ದಾರಿಯಲ್ಲೇ ವಾಪಸ್ ನಡೆದು ಬಂದ. ನಮ್ಮ ಮಕ್ಕಳೂ ನಡೆದು ಹೋಗಿಯೇ ಹೇಳಬೇಕು. ಸಾಫ್ಟ್ ಬೋರ್ಡಿಗೆ ಅಂಟಿಸಿದ ಥ್ಯಾಂಕ್ಸ್ ಚೀಟಿ ಅಲ್ಲೇ ಒಣಗುತ್ತದೆ.

ಮಕ್ಕಳ ಚೀಟಿಗಳಲ್ಲಿ ಟೀಚರುಗಳ ಹೆಸರಿಗಿಂತ ಮೌಶಿಯರ (ಶಾಲೆಯ ಕೆಲಸದ ಹೆಂಗಸರ) ಹೆಸರು, ವಾಚ್‌ಮನ್ ಕಾಕಾ, ವ್ಯಾನ್ ಕಾಕಾ, ಕ್ಯಾಂಟೀನಿನ ಅಣ್ಣನ ಹೆಸರು ಜಾಸ್ತಿ ಬರುತ್ತವೆ. ಐದನೆಯ ತರಗತಿಯ ಒಬ್ಬ ಹುಡುಗ ಬರೆದಿದ್ದ, ಮಳೆಗೆ ವ್ಯಾನ್ ಬಾರದೆ ಸಂಜೆವರೆಗೆ ಶಾಲೆಯಲ್ಲೇ ಉಳಿದ ದಿನ ಮೌಶಿ ತನ್ನ ಡಬ್ಬಿಯ ಒಂದು ಚಪಾತಿಯಲ್ಲಿ ಅರ್ಧ ಕೊಟ್ಟರು, ಇನ್ನರ್ಧ ಅವರೇ ತಿಂದರು, ಅದರೊಳಗೆ ಬೆಳ್ಳುಳ್ಳಿ ಚಟ್ನಿ ಇತ್ತು ಎಂದು. ಚೀಟಿಯನ್ನು ಅವನೇ ತೆಗೆದುಕೊಂಡು ಹೋಗಿ ಓದಿ ಹೇಳಿದ. ಅವರು ಕಸಬರಿಕೆ ಗೋಡೆಗೆ ಒರಗಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಚೀಟಿ ಇಸಕೊಂಡರು. ಇಂಗ್ಲಿಷ್ ಓದಲು ಬಾರದು ಅವರಿಗೆ. ಚೀಟಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡರು.

ಆದ್ದರಿಂದ ಬರೆದ ದಿನವೇ, ಬರೆದ ಒಂದು ಗಂಟೆಯೊಳಗೇ ತಲುಪಿಸುವ ವ್ಯವಸ್ಥೆ ಮಾಡಿ. ಶಾಲೆಯ ಕೆಲಸದವರಿಗೆಲ್ಲ ಮೊದಲೇ ಹೇಳಿ, ಆ ಹೊತ್ತಿಗೆ ಅವರು ಕೈ ಬಿಡುವು ಮಾಡಿಕೊಂಡು ಇರಲಿ, ಕೂರಲು ಕುರ್ಚಿ ಹಾಕಿಸಿ. ವೇದಿಕೆ ಮೇಲೆ ಕರೆದು ಶಾಲು ಹೊದಿಸುವುದು ಬೇಡ, ಅವರಿಗೆ ಅದು ಮುಜುಗರ. ಯಾರ ಹೆಸರೂ ಬಾರದ ಕೆಲಸದವರು ಒಬ್ಬಿಬ್ಬರು ಉಳಿದೇ ಉಳಿಯುತ್ತಾರೆ. ಅವರಿಗೆ ಟೀಚರುಗಳೇ ಬರೆಯಬೇಕು, ಅದೂ ನಿಜವಾದ್ದನ್ನು.

ಸಾರಿ ಕೇಳುವ ಭಾಗ: ಇಲ್ಲಿ ಬಹಳ ಜೋಪಾನ

ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು ಎನ್ನುತ್ತದೆ ಮತ್ತಾಯ 5ನೇ ಅಧ್ಯಾಯ. ಆರಾಧನೆಗಿಂತ ಮುಂಚೆ ಈ ಕೆಲಸ ಇಡಲು ಅದೇ ಕಾರಣ. ಮೊದಲು ಟೀಚರ್ ಮಾತಾಡಲಿ. ಈ ವರ್ಷ ನಾನು ಯಾರನ್ನಾದರೂ ವಿಚಾರಿಸದೆ ಬೈದಿದ್ದರೆ, ಹೋಲಿಸಿ ಮಾತಾಡಿದ್ದರೆ ಸಾರಿ ಎಂದು ನೇರವಾಗಿ, ನಿಂತುಕೊಂಡು, ಎರಡೇ ವಾಕ್ಯದಲ್ಲಿ. ಆಮೇಲೆ ಮಕ್ಕಳಿಗೆ ಹತ್ತು ನಿಮಿಷ ಬಿಡಿ, ಬೇಕಾದವರು ಎದ್ದು ಬೇಕಾದವರ ಹತ್ತಿರ ಹೋಗಲಿ. ಯಾರನ್ನೂ ಹೆಸರು ಹಿಡಿದು ಕರೆದು, ಹೋಗು ಅವನಿಗೆ ಸಾರಿ ಕೇಳು ಎನ್ನಬಾರದು. ಕ್ಷಮಿಸು ಎಂದು ಒತ್ತಾಯ ಮಾಡುವುದಂತೂ ಇನ್ನೂ ತಪ್ಪು. ವರ್ಷವಿಡೀ ಒಬ್ಬನನ್ನು ಕಾಡಿದವನು ಕೊನೆ ದಿನ ಕೈ ಕುಲುಕಿಬಿಟ್ಟರೆ ಆ ದೂರು ಮುಗಿಯಿತು ಎಂದಲ್ಲ. ಅದನ್ನು ಪ್ರಿನ್ಸಿಪಾಲ್ ಪ್ರತ್ಯೇಕವಾಗಿ ನೋಡಬೇಕು, ಮುಂದಿನ ವರ್ಷ ಆ ಇಬ್ಬರನ್ನು ಬೇರೆ ಡಿವಿಜನ್‌ಗೆ ಹಾಕುವುದು ಸೇರಿ.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಟ್ಟು ಓದಿ. ಮನಸ್ಸು ಬಿಚ್ಚಿ ಬರೆಯಿರಿ ಎಂದಾಗ ಯಾವುದೋ ಮಗು ತನಗೆ ಮನೆಯಲ್ಲೋ ಟ್ಯೂಷನ್‌ನಲ್ಲೋ ವ್ಯಾನಿನಲ್ಲೋ ಯಾರೋ ಕೆಟ್ಟದ್ದು ಮಾಡುತ್ತಿದ್ದಾರೆ ಎಂದು ಬರೆದುಬಿಡಬಹುದು. ಇದಕ್ಕೆ ಮುಂಚೆಯೇ ತಯಾರಾಗಿರಬೇಕು. ನೀವು ಬರೆದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಬದಲಿಗೆ ಹೀಗೆ ಹೇಳಿ: ನಿಮ್ಮ ಕಾಗದ ಯಾರ ಮುಂದೆಯೂ ಓದುವುದಿಲ್ಲ, ಆದರೆ ಯಾರಾದರೂ ನಿಮಗೆ ನೋವು ಮಾಡುತ್ತಿದ್ದಾರೆ ಎಂದು ಗೊತ್ತಾದರೆ ಅದನ್ನು ನಿಲ್ಲಿಸುವವರಿಗೆ ಹೇಳುತ್ತೇನೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಶಾಲೆಯ ಹೆಸರು ಕೆಡುತ್ತದೆ, ಮನೆತನದ ಮರ್ಯಾದೆ ಹೋಗುತ್ತದೆ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ಎಂದು ಬೋರ್ಡಿನ ಮೂಲೆಯಲ್ಲಿ ಆ ದಿನ ಬರೆದಿಡಿ. ಕೌನ್ಸೆಲರ್ ಇರುವ ಶಾಲೆಯಾದರೆ ಅವರು ಆ ಬೆಳಗ್ಗೆ ರಜೆ ಹಾಕದಂತೆ ನೋಡಿಕೊಳ್ಳಿ.

ಕಥೋಲಿಕ ಮಕ್ಕಳ ಪಾಪನಿವೇದನೆಯನ್ನು ಇದರ ಜೊತೆ ಬೆರೆಸಬೇಡಿ. ಅದಕ್ಕೆ ಫಾದರ್ ಬೇರೆ ಹೊತ್ತು ಕೊಡಲಿ.

ಆರಾಧನೆ

ಮೂವತ್ತೈದು ನಿಮಿಷ ಸಾಕು. ಏಪ್ರಿಲ್‌ನ ಮುಂಬೈ ಸೆಕೆಯಲ್ಲಿ ಅದಕ್ಕಿಂತ ಜಾಸ್ತಿ ಕೂರಿಸಿದರೆ ಮಕ್ಕಳ ಗಮನ ಫ್ಯಾನಿನ ಮೇಲಿರುತ್ತದೆ. ಮುಖ್ಯ ಅತಿಥಿ ಬೇಡ, ಬಹುಮಾನ ಬೇಡ, ಫೋಟೋದವರು ಬೇಡ. ಒಂದು ಹಾಡು, ಎಮ್ಮಾಹುವಿನ ಕಥೆಯ ವಾಚನ, ಎರಡು ನಿಮಿಷ ಮೌನ, ಮಕ್ಕಳು ತಾವೇ ಬರೆದ ಚಿಕ್ಕ ಪ್ರಾರ್ಥನೆಗಳು, ಆಶೀರ್ವಾದ. ಪ್ರಾರ್ಥನೆಯ ಒಂದೊಂದು ಸಾಲು ಮಕ್ಕಳ ಮನೆಮಾತಿನಲ್ಲಿರಲಿ. ಕೊಂಕಣಿ, ಮರಾಠಿ, ತಮಿಳು, ಮಲಯಾಳಂ, ಕನ್ನಡ, ತುಳು, ಏನೆಲ್ಲ ಇದೆಯೋ ಅದೆಲ್ಲ. ಇಂಗ್ಲಿಷ್ ಶಾಲೆಯಲ್ಲಿ ವರ್ಷವಿಡೀ ಒಂದೇ ಒಂದು ಸಲವೂ ತನ್ನ ಮನೆಮಾತು ಮೈಕಿನಲ್ಲಿ ಕೇಳದ ಮಗು ಆ ದಿನ ಕೇಳಿಸಿಕೊಳ್ಳಲಿ. ಮೌನಕ್ಕೆ ಮಾತ್ರ ಮೊದಲೇ ಅಭ್ಯಾಸ ಬೇಕು. ಹಿಂದಿನ ವಾರದ ಅಸೆಂಬ್ಲಿಯಲ್ಲಿ ದಿನಾ ಅರ್ಧ ನಿಮಿಷದಿಂದ ಶುರು ಮಾಡಿ.

ಸಾಧ್ಯವಾದರೆ ಇನ್ನೊಂದು. ಬೈಬಲಿನ ಯೆಹೋಶುವನ ಪುಸ್ತಕದ 4ನೇ ಅಧ್ಯಾಯದಲ್ಲಿ ಇಸ್ರಾಯೇಲ್ ಜನ ಯೊರ್ದನ್ ದಾಟಿದ ಮೇಲೆ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ತಂದು ನಿಲ್ಲಿಸುತ್ತಾರೆ, ಮುಂದೆ ಮಕ್ಕಳು ಈ ಕಲ್ಲು ಯಾಕೆ ಎಂದು ಕೇಳಿದಾಗ ಕಥೆ ಹೇಳಬೇಕೆಂದು. ಪ್ರತಿ ತರಗತಿಯೂ ಒಂದು ಕಲ್ಲಿನ ಮೇಲೆ ಪೇಂಟಿನಲ್ಲಿ ಇಸವಿ ಬರೆದು ಗೇಟಿನ ಪಕ್ಕದ ಗಿಡದ ಬುಡದಲ್ಲಿಡಲಿ. ಖರ್ಚಿಲ್ಲದ ಕೆಲಸ, ಮಕ್ಕಳಿಗೆ ಬಹಳ ಇಷ್ಟ.

ಮನೆಗೆ ಹೋಗುವ ಕಾಗದ

ಎಲ್ಲರೂ ಮನೆಯವರಿಗೆ ಒಂದು ಕಾಗದ ಬರೆಯಬೇಕು, ಮನೆಯವರಿಗೆ ಓದಲು ಬರುವ ಭಾಷೆಯಲ್ಲಿ. ನಮ್ಮ ಕನ್ನಡದ ಮಕ್ಕಳಿಗೆ ಇದೊಂದು ತೊಡಕು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಅಪ್ಪನಿಗೆ ಇಂಗ್ಲಿಷ್ ಕಾಗದ ಕೊಟ್ಟು ಏನು ಪ್ರಯೋಜನ? ನಾನು ಕಂಡ ದಾರಿ ಎರಡು. ಮಕ್ಕಳು ಮರಾಠಿ, ಹಿಂದಿ ಕಲಿತಿರುವುದರಿಂದ ದೇವನಾಗರಿಯಲ್ಲೇ ಕನ್ನಡದ ಮಾತು ಬರೆಯುತ್ತಾರೆ, ಬರೆದದ್ದನ್ನು ತಾವೇ ಓದಿ ಹೇಳುತ್ತಾರೆ. ಅದೂ ಆಗದಿದ್ದರೆ ಶಾಲೆಯ ಫೋನಿನಿಂದ ಒಂದು ನಿಮಿಷದ ವಾಯ್ಸ್ ಮೆಸೇಜ್, ಸಂಜೆ ಕೆಲಸ ಬಿಟ್ಟ ಮೇಲೆ ಅಪ್ಪ ಕೇಳಿಸಿಕೊಳ್ಳಲಿ. ಕನ್ನಡ ಬರೆಯಲು ಬರುವ ಟೀಚರೋ ಪಾಲಕರೋ ಇದ್ದರೆ ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಡಿ, ತಿದ್ದಬೇಡಿ.

ಪಾಲಕರಿಗೂ ಒಂದು ಮಾತು. ರೈಲಿನಲ್ಲಿ ರಾತ್ರಿಯೆಲ್ಲ ಒಟ್ಟಿಗೇ ಇರುತ್ತೀರಲ್ಲ, ಆ ಕಾಗದ ಬ್ಯಾಗಿನಲ್ಲಿರಲಿ, ರತ್ನಾಗಿರಿ ದಾಟಿದ ಮೇಲೆ ತೆಗೆದು ಓದಿಸಿ. ನಡುವೆ ಬಾಯಿ ಹಾಕಬೇಡಿ. ಊರಿಗೆ ಮುಟ್ಟಿದ ಕೂಡಲೇ ಅಜ್ಜಿ, ಮಾವ, ದೊಡ್ಡಮ್ಮ ಎಲ್ಲರೂ ಎಷ್ಟು ಪರ್ಸೆಂಟು ಎಂದೇ ಕೇಳುವುದು. ಅವರಿಗೆ ಮುಂಚೆಯೇ ಫೋನಿನಲ್ಲಿ ಹೇಳಿಡಿ, ಈ ಸಲ ಮೊದಲು ಕಾಗದ ಓದಿಸಿ ಅಂತ.

ಮಹಾರಾಷ್ಟ್ರದಲ್ಲಿ 2023-24ರಿಂದ ಐದು ಮತ್ತು ಎಂಟನೆಯ ತರಗತಿಗೆ ಮತ್ತೆ ವಾರ್ಷಿಕ ಪರೀಕ್ಷೆ ಬಂದಿದೆ, ಪಾಸಾಗದಿದ್ದರೆ ಮರುಪರೀಕ್ಷೆ, ಅದರಲ್ಲೂ ಆಗದಿದ್ದರೆ ಅದೇ ತರಗತಿ. ಹೀಗೆ ಉಳಿಯಬಹುದಾದ ಮಕ್ಕಳು ಯಾರು ಎಂದು ಟೀಚರಿಗೆ ಮಾರ್ಚ್‌ಗೇ ಅಂದಾಜು ಇರುತ್ತದೆ. ಅವರ ಕಾಗದವನ್ನು ಜಾಸ್ತಿ ನಿಧಾನವಾಗಿ ಓದಿ. ಅದರಲ್ಲಿ ನಿಮಗೆ ಕಂಡ ಒಂದು ಒಳ್ಳೆಯ ಗುಣವನ್ನು ನಿಮ್ಮ ಕೈಬರಹದಲ್ಲಿ ಕೆಳಗೆ ಬರೆದು ಸಹಿ ಹಾಕಿ. ರಿಸಲ್ಟ್ ದಿನ ಆ ಮನೆಯಲ್ಲಿ ಎರಡು ಕಾಗದ ಇರಬೇಕು.

ಜೂನ್‌ಗೆ ಏನು ಉಳಿಯಬೇಕು

ಕೊನೆಯ ಹತ್ತು ನಿಮಿಷದಲ್ಲಿ ಪ್ರತಿ ಮಗುವೂ ಚಿಕ್ಕ ಕಾಗದದಲ್ಲಿ ಒಂದೇ ಮಾತು ಬರೆಯಲಿ: ಮುಂದಿನ ಟೀಚರಿಗೆ ನನ್ನ ಬಗ್ಗೆ ಗೊತ್ತಿರಬೇಕಾದ್ದು. ನನಗೆ ಎಡಗಿವಿ ಸರಿ ಕೇಳುವುದಿಲ್ಲ, ಮುಂದೆ ಕೂರಿಸಿ. ನಾನು ಚೆನ್ನಾಗಿ ಚಿತ್ರ ಬಿಡಿಸುತ್ತೇನೆ. ನನ್ನನ್ನು ಅಣ್ಣನ ಜೊತೆ ಹೋಲಿಸಬೇಡಿ. ಇಂಥವು ಬರುತ್ತವೆ, ರಿಪೋರ್ಟ್ ಕಾರ್ಡಿನ ಯಾವ ಕಾಲಮ್ಮಿನಲ್ಲೂ ಇವು ಸಿಗುವುದಿಲ್ಲ. ಹೊಸ ಟೀಚರಿಗೆ ಹೋಗುತ್ತದೆ ಎಂದು ಮೊದಲೇ ಹೇಳಿ ಬರೆಸಿ. ಲಕೋಟೆಗೆ ಹಾಕಿ ಹೆಸರು ಬರೆದು, ಡಿವಿಜನ್ ಪ್ರಕಾರ ಕಟ್ಟಿ ಪ್ರಿನ್ಸಿಪಾಲ್ ಕಪಾಟಿನಲ್ಲಿ ಬೀಗ ಹಾಕಿಡಿ. ಜೂನ್ ನಡುವಿನಲ್ಲಿ ಶಾಲೆ ತೆರೆಯುತ್ತದಲ್ಲ, ಟೀಚರುಗಳು ಅದಕ್ಕೂ ಮುಂಚೆ ಬರುವ ದಿನಗಳಲ್ಲಿ ಟೈಮ್‌ಟೇಬಲ್ ಕೊಡುವಾಗಲೇ ಈ ಕಟ್ಟನ್ನೂ ಹೊಸ ಕ್ಲಾಸ್ ಟೀಚರ್ ಕೈಗೆ ಕೊಡಿ, ಮಕ್ಕಳು ಬರುವ ಹೊತ್ತಿಗೆ ಓದಿ ಮುಗಿದಿರಲಿ. ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ತೆಗೆದುಕೊಂಡು ಊರಿನ ಶಾಲೆಗೆ ಹೋಗುವ ಮಕ್ಕಳೂ ಇರುತ್ತಾರೆ. ಅವರ ಲಕೋಟೆ ಕಪಾಟಿನಲ್ಲೇ ಉಳಿಯಬಾರದು, ಆಫೀಸಿನಲ್ಲಿ ಎಲ್‌ಸಿಗೆ ಪಿನ್ ಮಾಡಿ ಜೊತೆಯಲ್ಲೇ ಕೊಟ್ಟು ಕಳಿಸಿ.